ಹೊಸಿಲಾಚೆಯ ಗಾಂಧಾರ

ಇವತ್ತು ಬೆಳಿಗ್ಗೆ ನೆಲ ಒರೆಸುವಾಗ ‘ಗ’ ಅಳಿಸಿಹೋಯಿತು.

ತಪ್ಪು ನನ್ನದೇ. ಇವತ್ತು ನಲ್ಲಿಯಲ್ಲಿ ನೀರು ಬರುವ ದಿನ. ನಮ್ಮ ಶಿರಾದ ಬೀದಿಯಲ್ಲಿ ಆ ದಿನಕ್ಕೆ ಹಬ್ಬಕ್ಕಿಂತ ಹೆಚ್ಚಿನ ಮರ್ಯಾದೆ. ಐದಕ್ಕೇ ಎದ್ದು ಡ್ರಮ್ಮು, ಬಿಂದಿಗೆ, ಬಕೆಟ್ಟು, ಕೊನೆಗೆ ಕುಕ್ಕರನ್ನೂ ತುಂಬಿಸಿಟ್ಟೆ. ಪಾವಗಡದ ಬಸ್ಸು ಹಿಡಿಯುವ ನಮ್ಮನೆಯವರಿಗೆ ಚಿತ್ರಾನ್ನದ ಡಬ್ಬಿ ಕಟ್ಟಿದೆ. ಅತ್ತೆಗೆ ಮುಖ ತೊಳೆಸಿ, ತಲೆ ಬಾಚಿ, ರಾಗಿ ಗಂಜಿ ಕೊಟ್ಟೆ. ಬಾಗಿಲಿಗೆ ನೀರು ಹಾಕಿ, ಹೊಸಿಲಿಗೆ ಅರಿಶಿನ ಹಚ್ಚಿ, ಕುಂಕುಮದ ಬೊಟ್ಟಿಟ್ಟು ಒಳಗೆ ಬಂದು ಒರೆಸುವ ಬಟ್ಟೆ ಹಿಂಡಿಕೊಂಡೆ. ನೀರು ಧಾರಾಳವಾಗಿದ್ದ ಸಂತೋಷಕ್ಕೆ ಕೈಯೂ ಕೊಂಚ ಧಾರಾಳವಾಗಿ ಆಡಿತೆಂದು ಕಾಣುತ್ತದೆ. ನೋಡಿದರೆ ‘ರಿ’ ಆದಮೇಲೆ ನೇರ ‘ಮ’.

ನಿಮಗೆ ಇದು ಅರ್ಥವಾಗಬೇಕಾದರೆ ನಮ್ಮ ನಡುಮನೆಯ ನೆಲ ನೋಡಬೇಕು. ಕೆಂಪು ಗಾರೆಯ ಹಳೇ ನೆಲ. ಅತ್ತೆಯ ಮಂಚದ ಕಾಲಿನಿಂದ ಮುಂಬಾಗಿಲ ಹೊಸಿಲಿನವರೆಗೆ, ಹೆಜ್ಜೆಗೊಂದರಂತೆ, ಸೀಮೆಸುಣ್ಣದಲ್ಲಿ ಎಂಟು ಅಕ್ಷರ: ಸ ರಿ ಗ ಮ ಪ ದ ನಿ ಸ. ಮನೆಗೆ ಬಂದವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಗ್ಯಾಸ್ ಸಿಲಿಂಡರ್ ತಂದವರು ಒಮ್ಮೆ ಅದನ್ನು ಕುಂಟೆಬಿಲ್ಲೆಯ ಮನೆ ಎಂದುಕೊಂಡು ಸಿಲಿಂಡರನ್ನು ಪಕ್ಕದಿಂದ ಉರುಳಿಸುತ್ತಾ, “ಸಣ್ ಮಕ್ಳಿದಾರಾ ಮೇಡಂ ಮನೇಲಿ?” ಎಂದು ಕೇಳಿದರು.

“ಇಬ್ಬರಿದ್ದಾರೆ. ಒಬ್ಬರಿಗೆ ಎಪ್ಪತ್ತೆಂಟು, ಇನ್ನೊಬ್ಬಳಿಗೆ ನಲವತ್ತೊಂಬತ್ತು” ಎಂದೆ.

ಆ ಇನ್ನೊಬ್ಬಳು ನಾನು.

ಸೀಮೆಸುಣ್ಣ ಕೈಗೆ ಬಂದರೆ ಸಾಕು, ನಾನು ತುಮಕೂರಿನ ನಮ್ಮ ಕಾನ್ವೆಂಟಿಗೆ ಹೋಗಿಬಿಡುತ್ತೇನೆ. ಅಲ್ಲಿ ಸಿಸ್ಟರುಗಳು ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ ಒಂದು ಗಾಜಿನ ಬೀರು ಇತ್ತು. ಅದರೊಳಗೆ ಒಂದು ಪಿಟೀಲು. ಯಾರೂ ನುಡಿಸುತ್ತಿರಲಿಲ್ಲ. ಶನಿವಾರ ಗಾಜು ಒರೆಸುವ ಪಾಳಿ ನನ್ನದಾದರೆ, ಒರೆಸುವ ನೆಪದಲ್ಲಿ ಮೂಗು ಗಾಜಿಗೆ ತಾಗಿಸಿ ನೋಡುತ್ತಿದ್ದೆ. ಆಮೇಲೆ ಮೂಗಿನ ಗುರುತನ್ನೂ ಒರೆಸಬೇಕಾಗುತ್ತಿತ್ತು. ಹಾಡಿನ ಗುಂಪಿಗೆ ಸೇರಿಸಿಕೊಳ್ಳಿ ಎಂದು ನಾನು ಸಿಸ್ಟರ್ ಫಿಲೋಮಿನಾ ಅವರ ಹಿಂದೆ ಬಿದ್ದು ಬಿದ್ದು, ಕೊನೆಗೆ ಅವರು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಮಂಗಳೂರಿನ ಕಡೆಯವರು, ಬಹಳ ಮೆತ್ತಗಿನ ಮಾತು. ವಾರ್ಷಿಕೋತ್ಸವದ ದಿನ ನನ್ನ ರಿಬ್ಬನ್ ಸರಿಮಾಡುತ್ತಾ ಕಿವಿಯಲ್ಲಿ ಹೇಳಿದರು: “ನೀನು ಬಾಯಿ ಮಾತ್ರ ಆಡಿಸು ಮಗಾ, ಸೌಂಡ್ ಬೇಡ, ಆಯ್ತಾ?”

ನಾನು ವಿಧೇಯ ಹುಡುಗಿ. ಬಾಯಿ ಮಾತ್ರ ಆಡಿಸಿದೆ. ಆ ಅಭ್ಯಾಸ ಆಮೇಲೆ ಮೂವತ್ತೈದು ವರ್ಷ ಬಿಡಲಿಲ್ಲ. ಮದುವೆಮನೆಯ ಆರತಿಯಲ್ಲಿ, ಸ್ತ್ರೀಸಮಾಜದ ಪ್ರಾರ್ಥನೆಯಲ್ಲಿ, ನನ್ನ ಸ್ವಂತ ಮಗಳ ಹುಟ್ಟುಹಬ್ಬದಲ್ಲೂ ನಾನು ಬಾಯಿ ಆಡಿಸಿದವಳೇ.

ಪಿಟೀಲು ಮನೆಗೆ ಬಂದದ್ದೂ ಮಗಳಿಗಾಗಿ. ಅವಳು ಎರಡು ತಿಂಗಳು ನುಡಿಸಿ ಬ್ಯಾಡ್ಮಿಂಟನ್ನಿಗೆ ಹೋದಳು. ಪಿಟೀಲು ಬೀರುವಿನ ಮೇಲೆ ಹೋಯಿತು. ಅವಳು ಓದಲು ಮೈಸೂರಿಗೆ ಹೋದ ವರ್ಷ, ಧೂಳು ಹೊಡೆಯಲು ಸ್ಟೂಲು ಹತ್ತಿದವಳು ಪೆಟ್ಟಿಗೆ ತೆರೆದೆ. ಗಾಜು ಅಡ್ಡ ಇರಲಿಲ್ಲ. ಮುಟ್ಟಿದೆ. ಅಷ್ಟೇ, ಅದರ ಮುಂದಿನ ಗುರುವಾರ ಮಧುಗಿರಿಯ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಮಧುಗಿರಿಯ ನಮ್ಮ ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ಮನೆಯ ಕಿಟಕಿಯ ತುಂಬ ಬೆಟ್ಟ. ನಾನು ಅಪಸ್ವರ ನುಡಿಸಿದಾಗ ಅವರು ಏನೂ ಹೇಳದೆ ಆ ಬೆಟ್ಟದ ಕಡೆ ನೋಡುತ್ತಿದ್ದರು. ಮೊದಲ ಮೂರು ತಿಂಗಳು ಅವರು ನನಗಿಂತ ಬೆಟ್ಟವನ್ನೇ ಹೆಚ್ಚು ನೋಡಿರಬೇಕು.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಪಿಟೀಲಿನ ಕಮಾನಿಗೆ ಕಟ್ಟುವುದು ಕುದುರೆಯ ಬಾಲದ ಕೂದಲು. ಅದಕ್ಕೆ ಒಂದು ಬಗೆಯ ರಾಳ ಉಜ್ಜುತ್ತಾರೆ, ಬಿಳಿ ಪುಡಿ ಕೂರುತ್ತದೆ. ನನ್ನ ಕಣ್ಣಿಗೆ ಆ ಪುಡಿ ಧೂಳಾಗಿ ಕಂಡಿತು. ಕೂದಲು, ಕೊಳೆಯಾಗಿದೆ, ನಮ್ಮಂಥವರಿಗೆ ಇನ್ನೇನು ಹೊಳೆಯಬೇಕು? ಒಂದು ಭಾನುವಾರ ಸೀಗೆಕಾಯಿ ಕಲಸಿ ಕಮಾನಿಗೆ ಚೆನ್ನಾಗಿ ತಲೆಸ್ನಾನ ಮಾಡಿಸಿದೆ. ಬಿಸಿಲಿಗೆ ಒಣಗಿಸಿದೆ. ಒಣಗಿದ ಕೂದಲು ಸಿಕ್ಕುಸಿಕ್ಕಾಗಿ ಕಂಡದ್ದಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಕೂಡ ಸವರಿದೆ. ಬಹಳ ಮುದ್ದಾಗಿ ಹೊಳೆಯುತ್ತಿತ್ತು. ತಂತಿಯ ಮೇಲೆ ಎಳೆದರೆ ಕಮಾನು ಬೆಣ್ಣೆಯಂತೆ ಜಾರಿತು, ಸದ್ದೇ ಇಲ್ಲ.

ಅಲ್ಲಿಯವರೆಗೆ ನನ್ನ ಪಿಟೀಲಿನ ಬಗ್ಗೆ ಅತ್ತೆ ಆಡಿದ್ದು ಒಂದೇ ಮಾತು: “ಏನೇ ಅದು ವಿಮ್ಲಾ, ಹಳೇ ಬಾಗ್ಲು ಕಿರುಗುಟ್ಟಿದಂಗೆ? ಎಣ್ಣೆ ಬುಡ್ಬಾರ್ದಾ ಅದಕ್ಕೆ?” ಆ ದಿನ ಸದ್ದಿಲ್ಲದ ಕಮಾನನ್ನು ನಾನು ಎಳೆಯುತ್ತಾ ಕೂತದ್ದನ್ನು ನೋಡಿ, “ಈಗ ನೋಡು, ಎಷ್ಟು ಚೆಂದಾಗೈತೆ. ದಿನಾ ಹಿಂಗೇ ಬಾರ್ಸು ಕಣಮ್ಮ” ಎಂದರು.

ಮೇಷ್ಟ್ರು ಕಮಾನನ್ನು ಮೂಸಿ ನೋಡಿದರು. ಬೆಟ್ಟದ ಕಡೆ ನೋಡಲಿಲ್ಲ, ಮೊದಲ ಬಾರಿಗೆ ನಕ್ಕರು. “ತಾಯೀ, ಕುದುರೆಗೆ ಎಣ್ಣೆಸ್ನಾನ ಮಾಡಿಸಿದ್ದೀರಲ್ಲ!” ಹೊಸ ಕೂದಲು ಕಟ್ಟಿಸಿಕೊಂಡು ಬರಲು ಕಮಾನು ಬೆಂಗಳೂರಿಗೆ ಹೋಯಿತು.

ಹೀಗೆ ನಗುನಗುತ್ತಾ ಎರಡು ವರ್ಷ ನಡೆದಿತ್ತು. ಸರಳೆ ವರಸೆ, ಅಂದರೆ ಸ್ವರಗಳನ್ನು ಏರಿಸಿ ಇಳಿಸಿ ಕಲಿಯುವ ಮೊದಲ ಪಾಠ, ಅದರಲ್ಲೇ ನಾನು ಎಳೆದಾಡುತ್ತಿದ್ದೆ. ನಮ್ಮನೆಯವರಿಗೆ ಪಾವಗಡದ ಆಫೀಸಿನ ಸಹವಾಸದಿಂದ ಬಾಯಿಗೆ ತೆಲುಗು ಹತ್ತಿದೆ. ‘ಹೇಗಿತ್ತು?’ ಎಂದು ಕೇಳಿದರೆ “ಪರ್ವಾಲೇದು”, ಅಂದರೆ ಪರವಾಗಿಲ್ಲ, ಅನ್ನುತ್ತಿದ್ದರು. ಕನ್ನಡದಲ್ಲಿ ಹೊಗಳಿದರೆ ಎಲ್ಲಿ ನಾನು ನಂಬಿಬಿಡುತ್ತೇನೋ ಎಂಬ ಭಯ ಇರಬೇಕು.

ಆಮೇಲೆ, ಐದು ತಿಂಗಳ ಹಿಂದೆ, ಒಂದು ಶುಕ್ರವಾರ ಅತ್ತೆ ಬಿದ್ದರು.

ಅವರೇ ಆಗಷ್ಟೇ ಹೊಸಿಲಿಗೆ ಅರಿಶಿನ ಹಚ್ಚಿ ಎದ್ದಿದ್ದರು. ಬೀದಿಯಲ್ಲಿ ಹೂವಿನವಳ ಕೂಗು ಕೇಳಿತು. ಹಸಿ ಅರಿಶಿನ ತುಳಿಯಬಾರದೆಂದು ಕಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತಿದರು, ಸೀರೆಯ ಅಂಚು ಸಿಕ್ಕಿತು. ಜಗಲಿಯ ಕಲ್ಲಿನ ಮೇಲೆ ಸೊಂಟ. ತುಮಕೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೇ: “ಮೂಳೆ ನಾವು ಕೂಡಿಸಿದ್ದೀವಿ. ನಡೆಸೋದು ನಿಮ್ಮ ಕೆಲಸ. ಈ ಕೆಲವು ತಿಂಗಳಲ್ಲಿ ನಡೆಯದಿದ್ದರೆ ಆಮೇಲೆ ಮಂಚವೇ ಗತಿ.”

ಅತ್ತೆ ನಡೆಯಲಿಲ್ಲ. ಗಟ್ಟಿ ಹೆಂಗಸು. ತಾವರೆಕೆರೆ ಕಡೆಯ ಹೊಲದಲ್ಲಿ ಬೆಳೆದವರು, ನೋವಿಗೆ ಹೆದರುವವರಲ್ಲ. ಬೀಳುವುದಕ್ಕೆ ಹೆದರಿದ್ದರು. ಫಿಸಿಯೋಥೆರಪಿಯವರು ವಾರಕ್ಕೆ ಮೂರು ದಿನ ಬಂದು ವಾಕರ್ ಹಿಡಿಸಿ, “ಒನ್… ಟೂ… ಹಾಕಿ ಅಜ್ಜಿ, ತ್ರೀ…” ಎನ್ನುತ್ತಿದ್ದರು. ಅತ್ತೆ ವಾಕರನ್ನು ಬಿಗಿಯಾಗಿ ಹಿಡಿದು ಕಂಬದಂತೆ ನಿಲ್ಲುತ್ತಿದ್ದರು. “ನಿನ್ ಒನ್ನು ಟೂ ನನ್ ಕಾಲಿಗೆ ತಿಳಿಯಾಕಿಲ್ಲ ಕಣಪ್ಪ. ಕೂರ್ಸು ಅತ್ಲಾಗೆ.”

ಪಿಟೀಲು ಮತ್ತೆ ಬೀರುವಿನ ಮೇಲೆ ಹೋಯಿತು. ಮಧುಗಿರಿಯ ಗುರುವಾರ ನಿಂತಿತು. ದಿನವಿಡೀ ಮಂಚದ ಸುತ್ತ ನಾನು, ಮಂಚದ ಮೇಲೆ ಗೋಡೆಯ ಕಡೆ ತಿರುಗಿದ ಅತ್ತೆ. ಹಿಂದೆಲ್ಲ ಸಂಜೆಯಾದರೆ ಅವರು ಜಗಲಿಯ ಮೇಲೆ ಕೂರುವುದು, ಎದುರು ಮನೆಯ ಶಾಹಿದಾ ಬ್ಲೌಸುಗಳ ಗಂಟು ತಂದು ಅವರ ಪಕ್ಕ ಕೂತು ಹುಕ್ಕು ಹೊಲಿಯುವುದು, ಇಬ್ಬರೂ ಸೇರಿ ಬೀದಿಯಲ್ಲಿ ಹೋಗಿಬರುವವರ ಯೋಗಕ್ಷೇಮ ವಿಚಾರಿಸುವುದು ನಮ್ಮ ಬೀದಿಯ ದಿನಚರಿಯಾಗಿತ್ತು. ಈಗ ಆ ಜಾಗದಲ್ಲಿ ಬೆಕ್ಕು ಮಲಗುತ್ತಿತ್ತು. ಶಾಹಿದಾ ಒಳಗೇ ಬಂದು ಮಾತಾಡಿಸಿ ಹೋಗುತ್ತಿದ್ದಳು. ಆದರೆ ಮಂಚದ ಪಕ್ಕದ ಕುರ್ಚಿಯಲ್ಲಿ ಆಡುವ ಮಾತು ಬೇರೆ, ಜಗಲಿಯ ಮಾತು ಬೇರೆ.

“ಕುರ್ಚಿ ಸಮೇತ ಎತ್ತಿ ಆಚೆ ಕೂರಿಸೋಣ ಅಮ್ಮ, ಗಾಳಿಯಾದ್ರೂ ಬರುತ್ತೆ” ಎಂದು ನಮ್ಮನೆಯವರು ಒಂದು ದಿನ ಹೇಳಿ ನೋಡಿದರು.

ಅತ್ತೆ ಗೋಡೆಯ ಕಡೆಯಿಂದಲೇ ಉತ್ತರ ಕೊಟ್ಟರು. “ಸೇರು ಒದ್ದು ಈ ಹೊಸ್ಲು ದಾಟಿ ಒಳಕ್ಕೆ ಬಂದಿದ್ದು ನನ್ ಕಾಲಲ್ಲಿ ಕಣ್ಲಾ. ಆಚೆಗೂ ಕಾಲಲ್ಲೇ ಹೋಗ್ತೀನಿ. ಎತ್ಕಂಡೋಗಾದು ಒಂದೇ ಸಲ, ಅದು ಕೊನೇಗಿರ್ಲಿ.”

ಆಸ್ಪತ್ರೆಗೆ ಹೋಗುವಾಗ, ಬರುವಾಗ ನಾಲ್ಕು ಜನ ಎತ್ತಿದ್ದನ್ನು ನೆನಪಿಸಿದರೆ, “ಆಗ ನಂಗೆ ಗ್ಯಾನ ಇರ್ಲಿಲ್ಲ” ಅನ್ನುತ್ತಿದ್ದರು. ಚೆನ್ನಾಗಿಯೇ ಇತ್ತು. ಎತ್ತುವವರಿಗೆಲ್ಲ ಹುಷಾರು ಹೇಳಿದವರೇ ಅವರು.

ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಯಾಕೆ ಎಂದರೆ ಹೇಳಲಾರೆ. ಒಲೆಯ ಮೇಲೆ ಬೇಳೆ, ಕಣ್ಣಲ್ಲಿ ಸುಮ್ಮಸುಮ್ಮನೆ ನೀರು. ಅತ್ತೆಗೆ ನಿದ್ದೆ ಹತ್ತಿದೆ ಎಂದುಕೊಂಡು ಪಿಟೀಲು ಇಳಿಸಿದೆ. ಸದ್ದು ಹೆಚ್ಚಾಗದಿರಲಿ ಎಂದು ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ತಂತಿಗಳನ್ನು ಹೊತ್ತು ನಿಲ್ಲುವ, ‘ಕುದುರೆ’ ಎನ್ನುವ ಮರದ ತುಂಡಿಗೆ ಸಿಕ್ಕಿಸಿ, ಅಡುಗೆಮನೆಯ ಬಾಗಿಲಲ್ಲಿ ಕೂತು, ಬಲು ನಿಧಾನವಾಗಿ ಸ… ರಿ… ಗ… ಮ… ಎಂದು ಎಳೆದೆ. ಅಲ್ಲಿಂದ ಮಂಚದ ತುದಿ ಮಾತ್ರ ಕಾಣುತ್ತದೆ. ಹೊದಿಕೆಯಾಚೆ ಚಾಚಿದ ಅತ್ತೆಯ ಬಲಗಾಲಿನ ಹೆಬ್ಬೆರಳು, ಆಪರೇಷನ್ ಆದ ಕಾಲಿನ ಹೆಬ್ಬೆರಳು, ಒಂದೊಂದು ಸ್ವರಕ್ಕೂ ಮೇಲೆ ಕೆಳಗೆ ಆಡುತ್ತಿತ್ತು.

ನಾನು ನಿಲ್ಲಿಸಿದೆ. ಬೆರಳೂ ನಿಂತಿತು.

“ಯಾಕೆ ನಿಲ್ಸ್‌ಬುಟ್ಟೆ?” ಗೋಡೆಯ ಕಡೆಯಿಂದ ದನಿ. “ನಿದ್ದೆ ಬಂದಿಲ್ಲ ನಂಗೆ. ಬಾರ್ಸು.”

ಆ ದಿನ ಮಧ್ಯಾಹ್ನ ಅವರು ಕಡಲೆಕಾಯಿ ಬಿತ್ತನೆಯ ಕತೆ ಹೇಳಿದರು. ನೇಗಿಲು ಮುಂದೆ, ಹೆಣ್ಣುಮಕ್ಕಳು ಹಿಂದೆ. “ಮಡ್ಲಲ್ಲಿ ಬೀಜ. ಹೆಜ್ಜೆಗೊಂದ್ ಬೀಜ. ಬೀಜ ಸಾಲಿಗೆ ಸರಿಯಾಗಿ ಬೀಳ್ದೆ ಹೆಜ್ಜೆ ಎತ್ತಂಗಿಲ್ಲ, ನಮ್ಮಪ್ಪ ಬಾರ್ಕೋಲು ತೋರ್ಸೋನು. ಹಂಗೇ ಬೆಳಗಿಂದ ಬೈಗಿನಗಂಟ ನಡೀತಿದ್ವಿ. ಕಾಲು ತಂತಾನೇ ಹೋಗಾದು, ನಾವ್ ನಡೀತಿದೀವಿ ಅನ್ನಾದೇ ಗೊತ್ತಾಗ್ತಿರ್ಲಿಲ್ಲ.” ಆಮೇಲೆ ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, “ನೀನು ಒಂದೊಂದ್ ಬೀಜ ಬುಡು ವಿಮ್ಲಾ. ನಾನೊಂದೊಂದ್ ಹೆಜ್ಜೆ ಇಕ್ತೀನಿ” ಎಂದರು.

ಮಾರನೆಯ ದಿನ ಸೀಮೆಸುಣ್ಣ ತಂದೆ.

ಕೇಳಲು ಸುಲಭ. ಆದರೆ ನನ್ನ ಅತ್ತೆ ಎಷ್ಟು ಕಟ್ಟುನಿಟ್ಟಿನ ಗುರುವೋ ಮಧುಗಿರಿಯ ಮೇಷ್ಟ್ರಿಗೂ ಗೊತ್ತಿಲ್ಲ. ಸ್ವರ ಸರಿಯಾಗಿ ಬಿದ್ದರೆ ಹೆಜ್ಜೆ ಇಡುತ್ತಾರೆ. ಕೊಂಚ ಆಚೀಚೆಯಾದರೂ ಎತ್ತಿದ ಕಾಲನ್ನು ಹಾಗೇ ಹಿಡಿದು, “ಬೀಜ ಸಾಲಿಂದಾಚೆ ಬಿತ್ತು. ಇನ್ನೊಂದ್ ಬುಡು” ಅನ್ನುತ್ತಾರೆ. ಸಂಗೀತದ ಗಂಧವಿಲ್ಲದವರು, ಒಂದು ಸ್ವರದ ಹೆಸರೂ ಗೊತ್ತಿಲ್ಲದವರು, ನನ್ನ ಕೆಟ್ಟ ‘ಮ’ವನ್ನು ಪ್ರತಿ ಸಲವೂ ಹಿಡಿದರು. ಮೇಷ್ಟ್ರ ಎದುರು ತಪ್ಪಿದರೆ ಅವರು ಬೆಟ್ಟ ನೋಡುತ್ತಾರೆ, ಅಷ್ಟೇ. ಇಲ್ಲಿ ತಪ್ಪಿದರೆ ಎಪ್ಪತ್ತೆಂಟರ ಹೆಂಗಸೊಬ್ಬರು ಒಂಟಿಕಾಲಲ್ಲಿ ನಿಂತಿರುತ್ತಾರೆ! ಎರಡು ವರ್ಷದಲ್ಲಿ ಕೂಡದ ಶ್ರುತಿ ನನಗೆ ಎರಡು ತಿಂಗಳಲ್ಲಿ ಕೂಡಿತು. ಹೆದರಿಕೆಗಿಂತ ದೊಡ್ಡ ಸಾಧಕವಿಲ್ಲ.

ಮೊದಲ ವಾರ ‘ರಿ’ಯವರೆಗೆ. ಆಮೇಲೆ ‘ಗ’. ‘ಪ’ದ ಹತ್ತಿರ ಹದಿನೈದು ದಿನ ನಿಂತೆವು. ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಹೋಗಿಬಂದು ನಾಲ್ಕು ಸುತ್ತಿಗೆ ಅರ್ಧ ಗಂಟೆ. ಈ ಲೆಕ್ಕ ನನಗಿಂತ ಚೆನ್ನಾಗಿ ಶಾಹಿದಾಗೆ ಗೊತ್ತು. “ಅಕ್ಕಾ, ನಿಮ್ದು ಪಿಟೀಲ್ ಶುರು ಆದ್ರೆ ನಾನು ಎಸರಿಗೆ ಅಕ್ಕಿ ಹಾಕ್ತೀನಿ. ನಿಮ್ದು ಮುಗೀತು ಅಂದ್ರೆ ಅನ್ನ ಬಗ್ಗಿಸ್ತೀನಿ. ಗಡಿಯಾರ ಕಾಯ್ಕೊಂಡು ಕೂತ್ರೆ ನನ್ನ ಮಿಷಿನ್ ಯಾರು ತುಳೀತಾರೆ?” ಎಂದು ಒಮ್ಮೆ ಹೇಳಿದ್ದಳು. ನನ್ನ ಸಂಗೀತಕ್ಕೆ ಸಿಕ್ಕ ಮೊದಲ ರಸಿಕ ವಿಮರ್ಶೆ ಅದು.

ಹಾಗೂ ಹೀಗೂ ಮೇಲಿನ ‘ಸ’ ತಲುಪಿದೆವು. ಎಂಟನೆಯ ಹೆಜ್ಜೆ. ಎದುರಿಗೆ ಹೊಸಿಲು.

ಹಳೇ ಮನೆಯ ಹೊಸಿಲು, ಒಂದು ಗೇಣು ಎತ್ತರ. ಫಿಸಿಯೋಥೆರಪಿಯವರು ಕೊನೆಯ ಸಲ ಬಂದಾಗ, “ಹೊಸಿಲ ಮೇಲೊಂದು ಕಾಲಿಡಿ ಅಜ್ಜಿ, ಆಚೆಗೊಂದು ಕಾಲು. ಈಸಿ” ಎಂದರು.

“ಲಕ್ಷ್ಮಿ ತಲೆ ಮ್ಯಾಲೆ ಕಾಲಿಕ್ಕಿ ಇಳೀಲಾ? ನಿಮ್ಮನೇಲಿ ಹಿಂಗೇ ಹೇಳ್ಕೊಟ್ಟವ್ರಾ?” ಎಂದು ಅತ್ತೆ ಕೇಳಿದ ಮೇಲೆ ಪಾಪ, ಅವರು ಚೀಲ ಹೆಗಲಿಗೇರಿಸಿಕೊಂಡರು. ತುಳಿಯುವಂತಿಲ್ಲ, ದಾಟಲು ಧೈರ್ಯವಿಲ್ಲ. ಅಂದಿನಿಂದ ದಿನವೂ ‘ಸ’ದ ಮೇಲೆ ನಿಂತು, ಬಾಗಿಲಾಚೆಯ ಬಿಸಿಲನ್ನು ಸ್ವಲ್ಪ ಹೊತ್ತು ನೋಡಿ, ತಿರುಗಿ ಮಂಚಕ್ಕೆ ಬರುತ್ತಿದ್ದರು.

ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. ಈಗ ಗುರುವಾರದ ಪಾಠವೆಲ್ಲ ಫೋನಿನಲ್ಲೇ. “ಮೇಷ್ಟ್ರೇ, ಮೇಲಿನ ಸ ಆದಮೇಲೆ ಏನಿದೆ?”

“ಮತ್ತೆ ರಿ, ಮತ್ತೆ ಗ. ಮೇಲಿನ ಮನೆಯದು. ಯಾಕೆ ತಾಯಿ, ಅವಸರ?”

“ಎಂಟು ಸ್ವರ ಸಾಲುತ್ತಿಲ್ಲ. ನಮ್ಮತ್ತೆ ಆಚೆ ಹೋಗಬೇಕು.”

ಆ ಕಡೆ ಅವರು ಬೆಟ್ಟ ನೋಡುತ್ತಿದ್ದರೇನೋ. ಆಮೇಲೆ ‘ರಿ’ ಹೇಳಿಕೊಟ್ಟರು. ನಾವು ಕಲಿಯುವ ರಾಗದಲ್ಲಿ ‘ಸ’ ಮತ್ತು ‘ರಿ’ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಉಂಗುರ ಬೆರಳಿನ ಪಕ್ಕಕ್ಕೆ ಕಿರುಬೆರಳನ್ನು ಒತ್ತಿಟ್ಟರೆ ಸಾಕು. ಆದರೆ ಗೃಹಿಣಿಯ ಕಿರುಬೆರಳು ಯಾವತ್ತು ದುಡಿದಿದೆ? ಮಜ್ಜಿಗೆಯ ಉಪ್ಪು ನೋಡಲು ಬಿಟ್ಟರೆ ನಾನು ಅದನ್ನು ಬಳಸಿದವಳಲ್ಲ. ವಾರವೆಲ್ಲ ಅದಕ್ಕೇ ಹೋಯಿತು. “ಗಾಂಧಾರ ಈಗ ಬೇಡ” ಎಂದಿದ್ದರು ಮೇಷ್ಟ್ರು. ಗಾಂಧಾರವೆಂದರೆ ನಮ್ಮ ‘ಗ’. “ಅದು ದೂರ. ಕೈಯನ್ನೇ ಎದೆಯ ಕಡೆಗೆ ಜಾರಿಸಬೇಕು. ಮುಂದೆ ನೋಡೋಣ.”

ಇಷ್ಟೆಲ್ಲ ಆಗಿ, ಇವತ್ತು ಬೆಳಿಗ್ಗೆ ನೆಲದ ‘ಗ’ವೂ ಅಳಿಸಿಹೋಗಿತ್ತು. ನೆಲ ಇನ್ನೂ ಹಸಿಯಿತ್ತು, ಸೀಮೆಸುಣ್ಣ ಹತ್ತುತ್ತಿರಲಿಲ್ಲ. ಆಮೇಲೆ ಬರೆದರಾಯಿತೆಂದು ಬಿಟ್ಟೆ.

ಹತ್ತಕ್ಕೆ ನೆಲ ಒಣಗಿತು. ಚಾಪೆ ಹಾಸಿ, ಫೋನಿನಲ್ಲಿ ಶ್ರುತಿ ಹಚ್ಚಿ, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿಕೊಂಡು ಬಾಗಿಲ ಪಕ್ಕದ ನನ್ನ ಜಾಗದಲ್ಲಿ ಕೂತೆ. ಮೊದಲ ಸುತ್ತು ಆಯಿತು. ಅಳಿಸಿದ ‘ಗ’ದ ಜಾಗದಲ್ಲಿ ಅತ್ತೆ ಬಗ್ಗಿಯೂ ನೋಡಲಿಲ್ಲ, ಅವರು ಎಂದಾದರೂ ಅಕ್ಷರ ನೋಡಿ ನಡೆದಿದ್ದರೆ ತಾನೇ! ಎರಡನೆಯ ಸುತ್ತಿಗೆ ಮುಂಚೆ ಮಂಚದ ಹತ್ತಿರ ನಿಂತುಕೊಂಡೇ, “ಇವತ್ತು ಆಚೆ ಕೂತ್ಕ” ಎಂದರು.

“ಆಚೆ ಅಂದರೆ?”

“ಜಗ್ಲಿ ಮ್ಯಾಗೆ.”

ಜಗಲಿ ಎಂದರೆ ಬೀದಿ. ಸೊಪ್ಪಿನವರು, ಸ್ಕೂಟರಿನವರು, ಎದುರು ಮನೆ, ಅದರ ಪಕ್ಕದ ಮನೆ. ನಾನು ಈವರೆಗೆ ಬಾಗಿಲ ಮರೆಯಿಂದ ಹೊರಗೆ ನುಡಿಸಿದವಳಲ್ಲ. ಸಿಸ್ಟರ್ ಫಿಲೋಮಿನಾ ಕಿವಿಯ ಹತ್ತಿರ ಬಗ್ಗಿದಂತಾಯಿತು. ಅತ್ತೆಯ ಮುಖ ನೋಡಿದೆ. ಚಾಪೆ ಎತ್ತಿಕೊಂಡು ಹೊಸಿಲು ದಾಟಿ ಜಗಲಿಯ ಮೇಲೆ, ಬಾಗಿಲಿಗೆ ಮುಖಮಾಡಿ, ಕೈಚಾಚಿದರೆ ಅವರನ್ನು ಹಿಡಿಯುವಷ್ಟು ಹತ್ತಿರದಲ್ಲಿ ಕೂತೆ. ಅಲ್ಲಿದ್ದ ಬೆಕ್ಕು ಎದ್ದು ಹೋಯಿತು.

ಸ, ರಿ, ಗ, ಮ. ವಾಕರಿನ ರಬ್ಬರು ಕಾಲು ನೆಲಕ್ಕೆ ತಾಗುವ ಸದ್ದು, ಅದರ ಹಿಂದೆ ಅತ್ತೆಯ ಬರಿಪಾದ. ಪ, ದ, ನಿ, ಸ. ಹೊಸಿಲ ಮುಂದೆ ನಿಂತರು. ತಿರುಗಲಿಲ್ಲ. ವಾಕರನ್ನು ಎತ್ತಿ ಹೊಸಿಲಾಚೆ ಜಗಲಿಯ ಮೇಲಿಟ್ಟು ಒಮ್ಮೆ ಅಲ್ಲಾಡಿಸಿ ನೋಡಿದರು.

“ಹೂಂ. ಮುಂದಿಂದು ಬುಡು.”

ನನ್ನ ಕಿರುಬೆರಳು ತಂತಿಯ ಮೇಲೆ ಜಾಗ ತಪ್ಪಿತು. ‘ರಿ’ ಬರುವ ಬದಲು ಇಲಿಮರಿ ಕಿರುಚಿದಂತಾಯಿತು.

“ಸಾಲಿಂದಾಚೆ,” ಎಂದರು ಅತ್ತೆ.

“ಅತ್ತೆ, ಕೈ ಹಿಡ್ಕೋತೀನಿ, ತಡೀರಿ.”

“ಮುಟ್ಟಬ್ಯಾಡ. ಬಾರ್ಸು.”

ಬೆರಳನ್ನು ಒತ್ತಿ, ಕಮಾನನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದೆ. ‘ರಿ’ ಬಿತ್ತು. ಸಾಲಿನಲ್ಲೇ ಬಿತ್ತು. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಆಪರೇಷನ್ ಆದ ಕಾಲೇ ಮೊದಲು ಎದ್ದಿತು. ಕಮಾನು ಮುಗಿಯುವುದರೊಳಗೆ ಅದು ಕೆಳಗಿಳಿಯಬೇಕು, ಮುಗಿಯುವ ಮುಂಚೆ, ಮುಗಿಯುವ ಮುಂಚೆ… ಹೊಸಿಲ ಅರಿಶಿನವನ್ನು ಒಂದು ಬೆರಳಿನಷ್ಟು ತಪ್ಪಿಸಿಕೊಂಡು ಪಾದ ಜಗಲಿಯ ಕಲ್ಲಿಗೆ ತಾಗಿತು.

ಆಗ ಹೊಳೆಯಿತು. ಮನುಷ್ಯರಿಗೆ ಎರಡು ಕಾಲು!

ವಾರವೆಲ್ಲ ‘ರಿ’ ಒಂದನ್ನೇ ಸಾಧಿಸಿದ ನನಗೆ, ಹೊಸಿಲು ದಾಟಲು ಎರಡು ಹೆಜ್ಜೆ ಬೇಕೆಂಬುದು ತಲೆಗೆ ಬಂದಿರಲಿಲ್ಲ. ಲೆಕ್ಕದಲ್ಲಿ ನಾನು ಕಾನ್ವೆಂಟಿನಲ್ಲೂ ಅಷ್ಟಕ್ಕಷ್ಟೇ. ಅತ್ತೆ ಈಗ ಒಂದು ಕಾಲು ಒಳಗೆ, ಒಂದು ಕಾಲು ಆಚೆ. ಒಳ್ಳೆಯ ಕಾಲನ್ನು ಎತ್ತಬೇಕಾದರೆ ಮೈಭಾರವೆಲ್ಲ ಮುರಿದು ಕೂಡಿದ ಕಾಲಿನ ಮೇಲೆ ಬರಬೇಕು. ಐದು ತಿಂಗಳಿಂದ ಹೆದರಿದ್ದು ಆ ಒಂದು ಗಳಿಗೆಗೇ.

“ಇನ್ನೊಂದ್ ಬುಡು.”

“ಅತ್ತೆ… ಅದು ನನಗೆ ಇನ್ನೂ ಹೇಳಿಕೊಟ್ಟಿಲ್ಲ.”

“ಹೊಸ್ಲು ಕಾಲ್ಸಂದೀಲಿ ಇಕ್ಕಂಡು ನಿಂತಿವ್ನಿ, ಹೇಳ್ಕೊಟ್ಟಿಲ್ಲ ಅಂತಾಳೆ! ಬುಡೇ ಬೀಜಾನ!”

ಸೊಪ್ಪಿನ ಗಾಡಿಯವರು ಬೀದಿಯಲ್ಲಿ ನಿಂತುಬಿಟ್ಟಿದ್ದರು. ಕಮಾನು ಬಿಸಾಕಿ ಅವರನ್ನು ಹಿಡಿದುಕೊಳ್ಳಬೇಕು ಎಂದು ಕೈ ಹೇಳುತ್ತಿತ್ತು. ಹಿಡಿದಿದ್ದರೆ ಅವರು ಬೀಳುತ್ತಿರಲಿಲ್ಲ, ನಡೆಯುತ್ತಲೂ ಇರಲಿಲ್ಲ. ಎಡಗೈಯನ್ನು ತಂತಿಯ ಮೇಲೆ ಎದೆಯ ಕಡೆಗೆ ಜಾರಿಸಿದೆ. ಎಷ್ಟು ದೂರ ಎಂದು ಮೇಷ್ಟ್ರು ಹೇಳಿರಲಿಲ್ಲ. ಕೆಳಗಿನ ‘ಗ’ ಎರಡು ತಿಂಗಳಿಂದ ಕಿವಿಯಲ್ಲಿ ಕೂತಿತ್ತು, ಅದರ ಅಕ್ಕನನ್ನು ಹುಡುಕಿಕೊಂಡು ಕೈ ಹೋಯಿತು. ಜಾರುವಾಗ ಒಂದು ಕೊಯ್ಯೆಂಬ ಸದ್ದು, ಆಮೇಲೆ ಬೆರಳು ನಿಂತಿತು.

‘ಗ’.

ನಿಚ್ಚಳವಾದ, ತುಂಬಿದ, ಶ್ರುತಿಪೆಟ್ಟಿಗೆಯೊಳಗಿಂದಲೇ ಎದ್ದು ಬಂದಂಥ ‘ಗ’. ಕ್ಲಿಪ್ಪು ಇಲ್ಲ, ಬಾಗಿಲ ಮರೆಯಿಲ್ಲ, ಬೀದಿಗೆ ಬೀದಿಯೇ ಕೇಳುವಂತೆ. ಬಾಯಿ ಆಡಿಸಿದ್ದಲ್ಲ ಸಿಸ್ಟರ್, ಸೌಂಡೇ!

ಅತ್ತೆಯ ಎಡಗಾಲು ಎದ್ದಿತು, ಲಕ್ಷ್ಮಿಯ ತಲೆಯ ಮೇಲಿಂದ ನಿಧಾನವಾಗಿ ಬಂದಿತು, ಬಲಗಾಲಿನ ಪಕ್ಕದಲ್ಲಿ ಊರಿತು.

ನಾನು ಕಮಾನು ಎಳೆಯುತ್ತಲೇ ಇದ್ದೆ. ನಿಲ್ಲಿಸಲು ಗೊತ್ತಾಗಲಿಲ್ಲ.

“ಸಾಕು ನಿಲ್ಸೇ, ಬಿತ್ತು” ಎಂದರು ಅತ್ತೆ. ತಮ್ಮ ಹಳೇ ಜಾಗಕ್ಕೆ ಇನ್ನೆರಡು ಹೆಜ್ಜೆಯನ್ನು ಯಾವ ಸ್ವರವನ್ನೂ ಕೇಳದೆ ಇಟ್ಟು, ಕಂಬ ಹಿಡಿದು ಮೆಲ್ಲಗೆ ಕೂತರು. ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ನನ್ನನ್ನು ಹೊಗಳುತ್ತಾರೇನೋ ಎಂದು ಕಾದೆ. ಅವರು ಸೊಪ್ಪಿನವರ ಕಡೆ ತಿರುಗಿ, “ಏನಪ್ಪ ಹಂಗ್ ನೋಡ್ತೀಯ? ದಂಟಿನ್ ಸೊಪ್ಪು ಎಳೇದೈತಾ?” ಎಂದು ಕೇಳಿದರು.

ಮೇಷ್ಟ್ರಿಗೆ ಫೋನ್ ಮಾಡಿ ‘ಗ’ ನುಡಿಸಿ ತೋರಿಸಿದೆ. “ಇದನ್ನು ಯಾರು ಹೇಳಿಕೊಟ್ಟರು?” ಎಂದರು. “ಹೊಸಿಲು” ಎಂದೆ. “ಒಳ್ಳೇ ಮೇಷ್ಟ್ರು. ನಾನು ಹೇಳಿಕೊಟ್ಟಿದ್ದರೆ ಮೂರು ತಿಂಗಳು” ಎಂದರು.

ಮಧ್ಯಾಹ್ನ ಊಟಕ್ಕೆ ಒಳಗೆ ಬರುವಾಗ ಗ ರಿ ಸ ಎಂದು ಇಳಿಸಿಕೊಂಡು ಬಂದೆವು. ನಾಲ್ಕೂವರೆಗೆ ಮತ್ತೆ ಆಚೆ. ಆಗ ನಾನು ಪಿಟೀಲು ತರುವಷ್ಟರಲ್ಲಿ ಅತ್ತೆ ಬಾಯಲ್ಲೇ ಏನೋ ಗುನುಗಿಕೊಂಡು ‘ಪ’ದವರೆಗೆ ಹೋಗಿಬಿಟ್ಟಿದ್ದರು. ಹೊಸಿಲ ಹತ್ತಿರ ಮಾತ್ರ ನನಗಾಗಿ ನಿಂತರು. ಅಳಿಸಿದ ಅಕ್ಷರವನ್ನು ಮತ್ತೆ ಬರೆಯಲೋ ಬೇಡವೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಎದುರು ಮನೆಯ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ಶಾಹಿದಾ ಬ್ಲೌಸುಗಳ ಗಂಟು ಕಂಕುಳಲ್ಲಿಟ್ಟುಕೊಂಡು ಬಾಗಿಲೆಳೆದುಕೊಂಡಳು. ನಾನು ಅತ್ತೆಯ ಪಕ್ಕದಲ್ಲಿ ನಿಂತು, ಅವಳು ಕಿರುಚುವುದನ್ನು, ಓಡಿಬಂದು ಅತ್ತೆಯ ಕೈ ಹಿಡಿದುಕೊಳ್ಳುವುದನ್ನು, ಆಮೇಲೆ ನನ್ನ ಕಡೆ ತಿರುಗಿ ‘ಹೆಂಗಕ್ಕಾ ಇದು?’ ಎಂದು ಕೇಳುವುದನ್ನು ಕಾಯುತ್ತಿದ್ದೆ. ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ.

ಅವಳು ಬೀದಿ ದಾಟಿ ಬಂದಳು. ಜಗಲಿಯ ಹತ್ತಿರ ನಿಂತಳು. ಅತ್ತೆಯನ್ನು ನೋಡಿದಳು.

“ಅಜ್ಜೀ, ಒಸಿ ಸರ್ಕೊಳಿ,” ಎಂದಳು.

ಅತ್ತೆ ಕೈಯೂರಿ ಒಂದು ಗೇಣು ಸರಿದರು. ಶಾಹಿದಾ ಆ ಜಾಗದಲ್ಲಿ ಕೂತು, ಗಂಟು ಬಿಚ್ಚಿ, ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು:

“ಏನಕ್ಕಾ, ಇವತ್ತು ಬೆಳಿಗ್ಗೆ ನಿಮ್ದು ಪಿಟೀಲ್ ಅಷ್ಟು ಜಲ್ದಿ ಮುಗಿಸ್ಬಿಟ್ರಿ? ನಾನು ಅನ್ನ ಬಗ್ಗಿಸ್ಬಿಟ್ಟೆ. ಇನ್ನೂ ಅಕ್ಕಿ ಅಕ್ಕೀನೇ ಇತ್ತು.”